ಏಳು ವರ್ಷದ ಲೆಕ್ಕ, ಹತ್ತು ವರ್ಷದ ಲೆಕ್ಕ

ನಾನು ಎಲ್‌ಎಲ್‌ಬಿ ಓದಿದ್ದು ಕರ್ನಾಟಕದಲ್ಲಿ. ಈಗ ಅಮೆರಿಕದಲ್ಲಿ ವಕೀಲನಾಗಲು ಕ್ಯಾಲಿಫೋರ್ನಿಯಾ ಬಾರ್ ಪರೀಕ್ಷೆಗೆ ಕೂತಿದ್ದೇನೆ. ಊರಿನಲ್ಲಿ ಬಾಯಿಪಾಠ ಮಾಡಿದ್ದು ಸಾಕ್ಷ್ಯ ಕಾಯ್ದೆಯ 54ನೇ ಸೆಕ್ಷನ್: ಆರೋಪಿ ಹಿಂದೆ ಕೆಟ್ಟ ನಡತೆಯವನಾಗಿದ್ದ ಅನ್ನೋದು ಈ ಕೇಸಿಗೆ ಸಂಬಂಧಪಡುವುದಿಲ್ಲ, ಅವನೇ ತಾನು ಒಳ್ಳೆಯವನು ಅಂತ ಸಾಕ್ಷಿ ತಂದರೆ ಮಾತ್ರ ಆ ಮಾತು ಬರುತ್ತದೆ. ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದು 49. ಈ ಪಾಠವೇ ನನ್ನನ್ನು ಇಲ್ಲಿ ಬೀಳಿಸಿತು.

ಅಭ್ಯಾಸದ ಪ್ರಶ್ನೆ ಹೀಗಿತ್ತು. ಇಬ್ಬರು ಗಂಡಸರು ಜೋಡಿಯಾಗಿ ಒಂದೇ ಮನೆಯಲ್ಲಿದ್ದಾರೆ. ಒಬ್ಬ ಹೊಡೆದು ಇನ್ನೊಬ್ಬನಿಗೆ ಗಾಯ ಮಾಡುತ್ತಾನೆ. ಹೊಡೆದವನಿಗೆ ಹಿಂದೊಮ್ಮೆ ಹೆಂಡತಿಗೆ ಹೊಡೆದ ಕೇಸಿನಲ್ಲಿ ಶಿಕ್ಷೆಯಾಗಿದೆ. ಆ ಹಳೇ ಶಿಕ್ಷೆಯಿಂದ ಈಗ ಏನಾಗುತ್ತದೆ? 'ಏನೂ ಆಗುವುದಿಲ್ಲ' ಅಂತ ಧೈರ್ಯವಾಗಿ ಬರೆದೆ. ಸೊನ್ನೆ ಬಂತು.

ಸಲಿಂಗ ಜೋಡಿ ಅನ್ನೋ ಅಂಶ ಮೊದಲು ಮುಗಿಸಿಬಿಡೋಣ, ಅದು ಸುಲಭ. ಸಂಗಾತಿಗೆ ಹೊಡೆದು ಗಾಯ ಮಾಡುವುದು ಇಲ್ಲಿನ ದಂಡ ಸಂಹಿತೆ, ಅಂದರೆ ಪೀನಲ್ ಕೋಡ್‌ನ 273.5ರಲ್ಲಿ ಬರುತ್ತದೆ. ಅದು ಗಂಡು, ಹೆಣ್ಣು ಅಂತ ಲೆಕ್ಕ ಹಾಕುವುದಿಲ್ಲ. ಮದುವೆಯಾದವರು, ಜೊತೆಗೆ ಬಾಳುವವರು, ನಿಶ್ಚಿತಾರ್ಥ ಆದವರು, ಡೇಟಿಂಗ್‌ನಲ್ಲಿರುವವರು, ಇವೆಲ್ಲ ಮುರಿದುಕೊಂಡವರು ಕೂಡ ಇದರೊಳಗೆ ಬರುತ್ತಾರೆ. ಹಿಂದಿನ ಸಲ ಏಟು ತಿಂದವಳು ಹೆಂಗಸು, ಈ ಸಲ ಗಂಡಸು ಅನ್ನೋದರಿಂದ ಹಳೇ ಶಿಕ್ಷೆ ಅಳಿಸಿ ಹೋಗುವುದಿಲ್ಲ.

ಶಿಕ್ಷೆ ಎಷ್ಟು ಏರುತ್ತದೆ? 273.5 ಫೆಲೊನಿ (ಗಂಭೀರ ದರ್ಜೆಯ ಅಪರಾಧ) ಆದರೆ ಸಾಮಾನ್ಯವಾಗಿ 2, 3 ಅಥವಾ 4 ವರ್ಷ ಜೈಲು, ದಂಡ 6,000 ಡಾಲರ್‌ವರೆಗೆ. ಏಳು ವರ್ಷದೊಳಗೆ ಇದೇ ಸೆಕ್ಷನ್‌ನಲ್ಲಿ ಶಿಕ್ಷೆಯಾಗಿದ್ದರೆ 2, 4 ಅಥವಾ 5 ವರ್ಷ, ದಂಡ 10,000ದವರೆಗೆ. ಹಳೆಯದು ಸಂಗಾತಿಗೆ ಕೊಟ್ಟ ಗಾಯವಿಲ್ಲದ ಸಣ್ಣ ಹೊಡೆತ, ಅಂದರೆ 243(ಇ) ಆಗಿದ್ದರೆ ವರ್ಷಗಳು ಏರುವುದಿಲ್ಲ, ದಂಡ ಮಾತ್ರ ಏರುತ್ತದೆ. ಇನ್ನೊಂದು ವಿಚಿತ್ರ: ವರ್ಷಗಳನ್ನು ಏರಿಸುವ ಹಳೇ ಕೇಸುಗಳ ಪಟ್ಟಿಯಲ್ಲಿ 243(ಡಿ) ಮತ್ತು 245 ಕೂಡ ಇವೆ. ದೊಡ್ಡ ಗಾಯ ಮಾಡಿದ ಹಲ್ಲೆ, ಮಾರಕ ಆಯುಧದ ಹಲ್ಲೆ. ಅವು ಸಂಗಾತಿಯ ಮೇಲೇ ಆಗಿರಬೇಕು ಅಂತ ಇಲ್ಲ. ಬಾರಿನಲ್ಲಿ ಯಾರಿಗೋ ಬಾಟಲಿಯಿಂದ ಹೊಡೆದ ಹಳೇ ಕೇಸು ಇವತ್ತು ಮನೆಯೊಳಗಿನ ಕೇಸಿಗೆ ಭಾರ ಹಾಕಬಹುದು.

ಈಗ ನಾನು ಮೂರು ದಿನ ಒದ್ದಾಡಿದ ಜಾಗ.

ಹಳೇ ಶಿಕ್ಷೆ ಕೇಸಿನೊಳಗೆ ಬರುವ ಇನ್ನೊಂದು ದಾರಿ ಇಲ್ಲಿನ ಸಾಕ್ಷ್ಯ ಕಾಯ್ದೆ, ಅಂದರೆ ಎವಿಡೆನ್ಸ್ ಕೋಡ್‌ನ 1109. ಹಿಂದೆ ಹೀಗೇ ಮಾಡಿದ್ದಾನೆ, ಆದ್ದರಿಂದ ಈಗಲೂ ಮಾಡಿರಬಹುದು ಅಂತ ಜ್ಯೂರಿ (ತೀರ್ಮಾನ ಹೇಳುವ ಸಾಮಾನ್ಯ ನಾಗರಿಕರ ಗುಂಪು) ಯೋಚಿಸಲು ಇದು ಬಿಡುತ್ತದೆ. ಹೌದು, ನಮ್ಮ 54ಕ್ಕೆ ಪೂರ್ತಿ ಉಲ್ಟಾ. ಕ್ಯಾಲಿಫೋರ್ನಿಯಾದಲ್ಲೂ ಸಾಮಾನ್ಯ ನಿಯಮ ನಮ್ಮ ಹಾಗೇ ಇದೆ, ಅದು 1101. ಮನೆಯೊಳಗಿನ ಹಿಂಸೆಗೆ 1997ರಿಂದ ಈ ವಿನಾಯಿತಿ. ಇದಕ್ಕೆ ಶಿಕ್ಷೆ ಆಗಿರಲೇಬೇಕಿಲ್ಲ. ಕೇಸೇ ಹಾಕದಿದ್ದ ಘಟನೆ ಕೂಡ ಸಾಕು. ನಡೆದಿರುವ ಸಾಧ್ಯತೆ ನಡೆಯದಿರುವುದಕ್ಕಿಂತ ಜಾಸ್ತಿ ಅಂತ ಜ್ಯೂರಿಗೆ ಅನಿಸಿದರೆ ಆಯಿತು. ಆದರೆ ಅದೊಂದರ ಮೇಲೇ ಅಪರಾಧಿ ಅನ್ನುವ ಹಾಗಿಲ್ಲ. ಪೂರ್ವಗ್ರಹ ಜಾಸ್ತಿಯಾಗುತ್ತದೆ ಅನಿಸಿದರೆ ಜಡ್ಜ್ ಅದೇ ಕೋಡ್‌ನ 352ರ ಅಡಿ ತಡೆಯಬಹುದು.

ಇಲ್ಲಿ ಹತ್ತು ವರ್ಷದ ಮಿತಿ ಇದೆ. ನಾನು ಏಳನ್ನೂ ಹತ್ತನ್ನೂ ಒಂದೇ ತಕ್ಕಡಿಗೆ ಹಾಕಿದ್ದೆ. ಹತ್ತರೊಳಗೆ ಏಳು ಇದ್ದೇ ಇರುತ್ತದಲ್ಲ, ಹಾಗಾಗಿ ಶಿಕ್ಷೆ ಏರಿದರೆ ಸಾಕ್ಷ್ಯವೂ ಬಂದೇ ಬರುತ್ತದೆ ಅಂದುಕೊಂಡೆ. ತಪ್ಪು. ಎರಡೂ ಎಣಿಸಲು ಶುರು ಮಾಡುವ ದಿನವೇ ಬೇರೆ.

ಏಳು ವರ್ಷ: ಹಳೇ ಕೇಸಿನಲ್ಲಿ ಅಪರಾಧಿ ಅಂತ ತೀರ್ಮಾನವಾದ ದಿನದಿಂದ ಹೊಸ ಏಟು ಬಿದ್ದ ದಿನದವರೆಗೆ. ಹತ್ತು ವರ್ಷ: ಹಳೇ ಏಟು ಬಿದ್ದ ದಿನದಿಂದ ಹೊಸ ಏಟು ಬಿದ್ದ ದಿನದವರೆಗೆ. ಹೊಸ ಕೇಸಿನ ವಿಚಾರಣೆ ಯಾವಾಗ ನಡೆಯುತ್ತದೆ ಅನ್ನೋದು ಎರಡರಲ್ಲೂ ಲೆಕ್ಕಕ್ಕಿಲ್ಲ.

ದಿನಾಂಕ ಹಾಕಿ ನೋಡಿ. ಹಳೇ ಏಟು ಜೂನ್ 2014. ಆರೋಪಿ ತಲೆಮರೆಸಿಕೊಂಡ, ತೀರ್ಮಾನವಾಗಿದ್ದು ಜನವರಿ 2018. ಹೊಸ ಏಟು ಸೆಪ್ಟೆಂಬರ್ 2024. 2018ರಿಂದ ಎಣಿಸಿದರೆ ಏಳು ವರ್ಷ ಆಗಿಲ್ಲ, ಶಿಕ್ಷೆ ಏರುತ್ತದೆ. 2014ರಿಂದ ಎಣಿಸಿದರೆ ಹತ್ತು ವರ್ಷ ದಾಟಿ ಮೂರು ತಿಂಗಳು. ನ್ಯಾಯದ ಹಿತಕ್ಕೆ ಬೇಕು ಅಂತ ಜಡ್ಜ್ ಹೇಳದ ಹೊರತು ಜ್ಯೂರಿಗೆ ಆ ಘಟನೆ ಹೇಳುವಂತಿಲ್ಲ. ಶಿಕ್ಷೆ ಏರಿಸಲು ಆಗುವ ಹಳೇ ಕೇಸು, ಸಾಕ್ಷ್ಯಕ್ಕೆ ಆಗುವುದಿಲ್ಲ! ಇದನ್ನು ಕಾಗದದ ಮೇಲೆ ಗೆರೆ ಎಳೆದು ನೋಡಿದ ಮೇಲೇ ನನ್ನ ತಲೆಗೆ ಹತ್ತಿದ್ದು. ನನ್ನ ಗುರುತು: ಏಳಕ್ಕೆ ತೀರ್ಪು, ಹತ್ತಕ್ಕೆ ಪೆಟ್ಟು.

ಸಲಿಂಗ ಜೋಡಿಗಳಿಗೆ ಕಾಗದದಲ್ಲಿ ಕಾನೂನು ಒಂದೇ ಆದರೂ ವ್ಯತ್ಯಾಸ ಬರುವುದು ಹಳೇ ಕೇಸನ್ನು ಹೇಗೆ ಬರೆದಿದ್ದರು ಅನ್ನೋದರಲ್ಲಿ. ಇಬ್ಬರು ಹೆಂಗಸರು ಒಂದೇ ಮನೆಯಲ್ಲಿದ್ದಾರೆ, ಅಧಿಕಾರಿ 'ರೂಮ್‌ಮೇಟ್' ಅಂತ ಬರೆದುಕೊಂಡ, ಕೇಸು 242ರ ಮಾಮೂಲಿ ಹಲ್ಲೆಯಾಗಿ ಮುಗಿಯಿತು ಅನ್ನಿ. 242 ಏಳು ವರ್ಷದ ಪಟ್ಟಿಯಲ್ಲಿಲ್ಲ. ಶಿಕ್ಷೆ ಏರುವುದಿಲ್ಲ. ಆದರೆ 1109 ನೋಡುವುದು ಸೆಕ್ಷನ್ ನಂಬರನ್ನಲ್ಲ, ನಡೆದದ್ದನ್ನು. ಅವರು ಜೋಡಿಯಾಗಿದ್ದರು ಅಂತ ತೋರಿಸಿದರೆ ಅದೇ ಘಟನೆ ಸಾಕ್ಷ್ಯವಾಗಿ ಬರುತ್ತದೆ.

ಸೌತ್ ಕೆರೊಲೈನಾದಲ್ಲಿ ಈ ಎಡವಟ್ಟು ಕಾನೂನಿನ ಮಾತಿನಲ್ಲೇ ಇತ್ತು. ಮದುವೆಯಾಗದೆ ಜೊತೆಗಿರುವವರು ಅಂದರೆ ಒಬ್ಬ ಗಂಡು, ಒಬ್ಬಳು ಹೆಣ್ಣು ಅಂತಲೇ ಬರೆದಿದ್ದರು. 2017ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್, ಅರ್ಜಿ ಹಾಕಿದ್ದ ಮಹಿಳೆಯ ವಿಷಯದಲ್ಲಿ ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಅಂದರೆ ಅದಕ್ಕೂ ಮುಂಚೆ ಮದುವೆಯಾಗದ ಸಲಿಂಗ ಜೋಡಿಗಳ ಕೇಸುಗಳಿಗೆ ಡಿವಿ (ಡೊಮೆಸ್ಟಿಕ್ ವಯಲೆನ್ಸ್, ಮನೆಯೊಳಗಿನ ಹಿಂಸೆ) ಅನ್ನೋ ಹೆಸರೇ ಅಂಟುವಂತಿರಲಿಲ್ಲ. ಆ ರಾಜ್ಯದಲ್ಲಿ ಹಳೇ ಡಿವಿ ಶಿಕ್ಷೆಗಳನ್ನು ಎಣಿಸಿಯೂ ಆರೋಪದ ದರ್ಜೆ ಏರಿಸುತ್ತಾರೆ, ಅಲ್ವಾ? ಬೇರೆ ಹೆಸರಿನಲ್ಲಿ ಮುಗಿದ ಕೇಸು ಆ ಎಣಿಕೆಗೆ ಸಿಗುವುದಿಲ್ಲ.

ಕೊನೆಯದು ಬಂಧನದ ಹೊತ್ತು. ಸಲಿಂಗ ಜೋಡಿಗಳ ಜಗಳದಲ್ಲಿ ಇಬ್ಬರನ್ನೂ ಹಿಡಿದುಕೊಂಡು ಹೋಗುವುದು ಗಂಡು-ಹೆಣ್ಣು ಜೋಡಿಗಳಿಗಿಂತ ಎಷ್ಟೋ ಜಾಸ್ತಿ. ಮೊದಲು ಯಾರು ಕೈಯೆತ್ತಿದರು ಅಂತ ನೋಡಬೇಡಿ, ನಿಜವಾಗಿ ಮೇಲುಗೈ ಯಾರದ್ದು ಅಂತ ನೋಡಿ ಅನ್ನುತ್ತದೆ ಪೀನಲ್ ಕೋಡ್ 13701. ಹೋದ ಸಲ ಇಬ್ಬರನ್ನೂ ಹಿಡಿದಾಗ, ಬೇಗ ಮನೆಗೆ ಹೋದರೆ ಸಾಕು ಅಂತ ಏಟು ತಿಂದವನೇ ತಪ್ಪೊಪ್ಪಿಕೊಂಡಿದ್ದರೆ? ಏಳು ವರ್ಷದ ಲೆಕ್ಕ ಅವನ ಹೆಸರಲ್ಲೇ ಓಡುತ್ತಿರುತ್ತದೆ. ಆದರೆ 13701 ಪೊಲೀಸರಿಗೆ ಕೊಡುವ ಪಟ್ಟಿಯಲ್ಲಿ ಇರುವುದು ಆ ಇಬ್ಬರ ನಡುವೆ ಹಿಂದೆ ನಡೆದ ಹಿಂಸೆ. ಯಾರ ಹೆಸರಲ್ಲಿ ಶಿಕ್ಷೆ ದಾಖಲಾಗಿದೆ ಅನ್ನೋದಲ್ಲ. ಉತ್ತರ ಬರೆಯುವಾಗ ಇದನ್ನು ಮೊದಲ ಪ್ಯಾರಾದಲ್ಲೇ ಹಾಕಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ ಟೈಮ್ ಸಾಲುವುದಿಲ್ಲ.