ಪದ ಪರಿಚಯ: ಲಾಭಾಂಶ ಮತ್ತು ಒಟ್ಟು ಪ್ರತಿಫಲ

ಕಂಪನಿಯೊಂದು ತಾನು ಗಳಿಸಿದ ಲಾಭದಲ್ಲಿ ಉದ್ಯಮದ ಬೆಳವಣಿಗೆಗೆ ಬೇಕಾದಷ್ಟನ್ನು ಉಳಿಸಿಕೊಂಡು ಷೇರುದಾರರಿಗೆ ಹಂಚುವ ಪಾಲೇ ಲಾಭಾಂಶ, ಅಂದರೆ ಡಿವಿಡೆಂಡ್. ಇದನ್ನು ಷೇರಿನ ಮುಖಬೆಲೆಯ (ಮಾರುಕಟ್ಟೆ ಬೆಲೆಯಲ್ಲ, ಕಂಪನಿ ಷೇರಿಗೆ ನಿಗದಿ ಮಾಡಿದ ಮೂಲಬೆಲೆಯ) ಮೇಲೆ ಲೆಕ್ಕ ಹಾಕಿ ಘೋಷಿಸುವ ರೂಢಿಯಿರುವುದರಿಂದ ‘200% ಲಾಭಾಂಶ’ ಎಂಬ ಸುದ್ದಿಗೆ ಮರುಳಾಗಬಾರದು. ಮುಖಬೆಲೆ 1 ರೂಪಾಯಿಯಾದರೆ ಕೈಗೆ ಬರುವುದು 2 ರೂಪಾಯಿ. ಷೇರಿನ ಮಾರುಕಟ್ಟೆ ಬೆಲೆ 400 ರೂಪಾಯಿ ಇದ್ದರೆ ಅದು ಕೇವಲ 0.5% ಇಳುವರಿ. ಲಾಭಾಂಶದ ಹಕ್ಕು ಕಳಚುವ ದಿನ, ಅಂದರೆ ಷೇರು ಕೊಂಡವರಿಗೆ ಆ ಲಾಭಾಂಶ ಸಿಗದಾಗುವ ಮೊದಲ ದಿನ, ಷೇರಿನ ಬೆಲೆಯೂ ಸಾಮಾನ್ಯವಾಗಿ ಸುಮಾರು ಅಷ್ಟೇ ಇಳಿಯುವುದರಿಂದ ಅದು ಪುಕ್ಕಟೆ ಹಣವೂ ಅಲ್ಲ.

ಹಾಗಾದರೆ ಅದರ ಮಹತ್ವವೇನು? ಉತ್ತರ ಮರುಹೂಡಿಕೆಯಲ್ಲಿದೆ. 1 ಲಕ್ಷ ರೂಪಾಯಿಯ ಷೇರುಗಳ ಬೆಲೆ ವರ್ಷಕ್ಕೆ 10% ಏರುತ್ತದೆ, ಜೊತೆಗೆ ವರ್ಷಾರಂಭದ ಮೌಲ್ಯದ 1.5% ಲಾಭಾಂಶ ಬರುತ್ತದೆ ಎಂದು ಭಾವಿಸೋಣ. ತೆರಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಬೆಲೆಯೇರಿಕೆಯೊಂದರಿಂದಲೇ 30 ವರ್ಷಗಳಲ್ಲಿ ಮೊತ್ತ ಸುಮಾರು 17.45 ಲಕ್ಷವಾಗುತ್ತದೆ. ಬಂದ ಲಾಭಾಂಶವನ್ನು ಪ್ರತಿ ವರ್ಷ ಅದೇ ಷೇರುಗಳಿಗೆ ಹಾಕಿದರೆ ಅದು ಸುಮಾರು 26.2 ಲಕ್ಷ. ಲಾಭಾಂಶವನ್ನು ಖರ್ಚಿಗೆಂದು ತೆಗೆದುಕೊಂಡವನ ಕೈಗೆ ಇಷ್ಟೂ ವರ್ಷಗಳಲ್ಲಿ ಬರುವುದು ಸುಮಾರು 2.47 ಲಕ್ಷ ಮಾತ್ರ. ಮರುಹೂಡಿದವನಿಗೆ ಅದೇ ಹಣ ಸುಮಾರು 8.75 ಲಕ್ಷವಾಗಿ ಬೆಳೆದಿರುತ್ತದೆ.

ಮುಂಬಯಿ ಷೇರುಪೇಟೆಯಿರುವ ದಲಾಲ್ ಸ್ಟ್ರೀಟಿನಿಂದ ದಿನವೂ ಹೊರಬೀಳುವ ಷೇರು ಸೂಚ್ಯಂಕ ಸೆನ್ಸೆಕ್ಸ್‌ನ ಅಂಕಿಯಲ್ಲಿ ಲಾಭಾಂಶದ ಈ ಗಳಿಕೆ ಸೇರಿರುವುದಿಲ್ಲ, ಏಕೆಂದರೆ ಅದು ಬೆಲೆಗಳನ್ನಷ್ಟೇ ಅಳೆಯುತ್ತದೆ. ಲಾಭಾಂಶವನ್ನು ಮರುಹೂಡಿದಂತೆ ಲೆಕ್ಕವಿಡುವುದು ಒಟ್ಟು ಪ್ರತಿಫಲ ಸೂಚ್ಯಂಕ, ಅಂದರೆ ಟಿಆರ್‌ಐ. ಮ್ಯೂಚುವಲ್ ಫಂಡ್‌ಗಳು ತಮ್ಮ ಸಾಧನೆಯನ್ನು ಈ ಸೂಚ್ಯಂಕಕ್ಕೇ ಹೋಲಿಸಿ ತೋರಿಸಬೇಕೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2018ರ ಫೆಬ್ರವರಿಯಿಂದ ಕಡ್ಡಾಯ ಮಾಡಿದ್ದು ನನ್ನ ದೃಷ್ಟಿಯಲ್ಲಿ ಸಣ್ಣ ಹೂಡಿಕೆದಾರರಿಗೆ ಸಂದ ದೊಡ್ಡ ನ್ಯಾಯ. ಫಂಡ್‌ಗಳ ಗಳಿಕೆಯಲ್ಲಿ ಲಾಭಾಂಶವೂ ಸೇರಿರುವುದರಿಂದ ಅದಕ್ಕೆ ಮೊದಲು ಬರಿಯ ಬೆಲೆ ಸೂಚ್ಯಂಕವನ್ನು ಮೀರಿಸುವುದು ಅವಕ್ಕೆ ಸುಲಭವಾಗಿತ್ತು.

ಹೆಚ್ಚು ಲಾಭಾಂಶ ಕೊಡುವ ಕಂಪನಿಯೇ ಉತ್ತಮವೆಂದು ಇದರಿಂದ ತೀರ್ಮಾನಿಸಲಾಗದು. ಉಳಿಸಿಕೊಂಡ ಲಾಭವನ್ನು ಚೆನ್ನಾಗಿ ದುಡಿಸಬಲ್ಲ ಕಂಪನಿ ಹಂಚದಿರುವುದೇ ಲೇಸು. 2020ರ ಏಪ್ರಿಲ್ 1ರಿಂದ ಲಾಭಾಂಶವು ಷೇರುದಾರರ ಆದಾಯಕ್ಕೆ ಸೇರಿ ಅವರವರ ತೆರಿಗೆ ಹಂತದಂತೆ ತೆರಿಗೆಗೆ ಒಳಪಡುವುದರಿಂದ ಮರುಹೂಡಿಕೆಗೆ ಉಳಿಯುವ ಹಣವೂ ಕಡಿಮೆ.

ಮುಂಬಯಿಯ ಮಾಟುಂಗ, ಅದರ ಹೊರವಲಯದ ಡೊಂಬಿವಲಿಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಹಿರಿಯರು ಕೊಂಡಿಟ್ಟ ಕಾಗದದ ಷೇರುಪತ್ರಗಳಿದ್ದರೆ ಇನ್ನೊಂದು ವಿಷಯವನ್ನು ಗಮನಿಸಲೇಬೇಕು: ಸತತ 7 ವರ್ಷ ಲಾಭಾಂಶವನ್ನು ಪಡೆಯದೆ ಬಿಟ್ಟರೆ ಆ ಹಣವಷ್ಟೇ ಅಲ್ಲ, ಷೇರುಗಳೂ ಸರ್ಕಾರದ ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣಾ ನಿಧಿಗೆ ವರ್ಗವಾಗುತ್ತವೆ. ವಾರಸುದಾರರು ದಾಖಲೆಗಳೊಂದಿಗೆ ಅರ್ಜಿ ಸಲ್ಲಿಸಿ ಅವನ್ನು ಮರಳಿ ಪಡೆಯಬಹುದು.