500 ಸಾಲಿನ ಎಕ್ಸೆಲ್ ಫೈಲಿಗೆ 40 ಎಂಬಿ ಏಕೆ?

ಸ್ಟಾಕ್ ರಿಜಿಸ್ಟರ್, ಹಾಜರಾತಿ ಪಟ್ಟಿ, ಕಾಮಗಾರಿ ಪ್ರಗತಿ ವರದಿ, ಹೀಗೆ ಕಚೇರಿಯಲ್ಲಿ ದಿನಾ ತೆರೆಯುವ ಒಂದು ಎಕ್ಸೆಲ್ ಫೈಲು. ಒಳಗಿರುವುದು 500 ಸಾಲು, 12 ಕಾಲಂ. ಸರ್ವರ್ ಫೋಲ್ಡರಿನಲ್ಲಿ ನೋಡಿದರೆ ಗಾತ್ರ 40 ಎಂಬಿ. ಅಷ್ಟು ಸಾಲಿನ ಅಕ್ಷರ, ಅಂಕಿಗಳಿಗೆ ನೂರಿನ್ನೂರು ಕೆಬಿ ಧಾರಾಳವಾಯಿತು. ಉಳಿದ ತೂಕ ಎಲ್ಲಿಂದ ಬಂತೆಂದು ನೋಡದೆ, ಸಿಕ್ಕ ಉಪಾಯಗಳನ್ನೆಲ್ಲ ಒಂದಾದ ಮೇಲೊಂದು ಪ್ರಯೋಗಿಸಿದರೆ ಸಮಯ ಹೋಗುತ್ತದೆ, ಕೆಲವೊಮ್ಮೆ ಡೇಟಾವೂ ಹೋಗುತ್ತದೆ. ಮೊದಲು ಅಳೆಯಬೇಕು. ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಡ.

ಎಕ್ಸೆಲ್ 2007ರಿಂದ ಬಳಕೆಗೆ ಬಂದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲು ಅಸಲಿಗೆ ಒಂದು ಜಿಪ್ ಕಟ್ಟು, ಅಂದರೆ ಹಲವು ಫೈಲುಗಳನ್ನು ಒತ್ತಿ ಚಿಕ್ಕದಾಗಿಸಿ ಒಟ್ಟಿಗೆ ಕಟ್ಟಿದ ಗಂಟು. ಒಳಗೆ ಹತ್ತಾರು ಎಕ್ಸ್‌ಎಂಎಲ್ ಫೈಲುಗಳೂ (ಮಾಹಿತಿಯನ್ನು ಗುರುತುಪಟ್ಟಿ ಹಚ್ಚಿ ಬರೆದಿಡುವ ಪಠ್ಯ ಫೈಲುಗಳು) ಚಿತ್ರಗಳೂ ಇರುತ್ತವೆ. ಫೈಲಿನ ಒಂದು ನಕಲನ್ನು ಡೆಸ್ಕ್‌ಟಾಪಿಗೆ ಹಾಕಿಕೊಳ್ಳಿ. ಹೆಸರಿನ ಕೊನೆಯಲ್ಲಿರುವ ಎಕ್ಸ್‌ಎಲ್‌ಎಸ್‌ಎಕ್ಸ್ ಅಳಿಸಿ ಜಿಪ್ ಎಂದು ಬರೆಯಿರಿ (ಕೊನೆಯ ಭಾಗ ಕಾಣದಿದ್ದರೆ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ). ಈಗ ತೆರೆದು 'ಎಕ್ಸ್‌ಎಲ್' ಎಂಬ ಫೋಲ್ಡರಿನೊಳಗೆ ಹೋಗಿ. ಶೀಟುಗಳು ವರ್ಕ್‌ಶೀಟ್ಸ್‌ನಲ್ಲಿ, ಚಿತ್ರಗಳು ಮೀಡಿಯಾದಲ್ಲಿ, ಆಕೃತಿಗಳು ಡ್ರಾಯಿಂಗ್ಸ್‌ನಲ್ಲಿ, ಪಿವಟ್ ಟೇಬಲ್ಲಿನ (ಡೇಟಾವನ್ನು ಗುಂಪು ಮಾಡಿ ಮೊತ್ತ ತೋರಿಸುವ ಸಾರಾಂಶ ಕೋಷ್ಟಕ) ದಾಸ್ತಾನು ಪಿವಟ್‌ಕ್ಯಾಶ್‌ನಲ್ಲಿ ಇರುತ್ತವೆ. ಡೀಟೇಲ್ಸ್ ನೋಟದಲ್ಲಿ ಪ್ರತಿ ಫೈಲಿಗೂ ಎರಡು ಗಾತ್ರ ಕಾಣುತ್ತದೆ: ಒತ್ತಿದ ಗಾತ್ರ, ಬಿಚ್ಚಿದ ಗಾತ್ರ. ಎರಡನ್ನೂ ಬರೆದಿಟ್ಟುಕೊಳ್ಳಿ. ತೆರೆಯಲು ಪಾಸ್‌ವರ್ಡ್ ಹಾಕಿದ ಫೈಲು ಮಾತ್ರ ಹೀಗೆ ಬಿಚ್ಚಿಕೊಳ್ಳುವುದಿಲ್ಲ, ಅದರ ಹೊರಕವಚವೇ ಬೇರೆ. ನಕಲಿನಲ್ಲಿ ಪಾಸ್‌ವರ್ಡ್ ತೆಗೆದು ಸೇವ್ ಮಾಡಿ ನೋಡಬೇಕು.

ಡಿಸ್ಕ್ ಜಾಗ ತಿನ್ನುವುದು ಹೆಚ್ಚಾಗಿ ಮೀಡಿಯಾ ಫೋಲ್ಡರೇ. 12 ಮೆಗಾಪಿಕ್ಸೆಲ್ ಫೋನಿನಲ್ಲಿ ತೆಗೆದ ಫೋಟೊ 4000 × 3000 ಚುಕ್ಕೆಗಳದ್ದು, ಸುಮಾರು 3–4 ಎಂಬಿ. ಅದನ್ನು ಶೀಟಿಗೆ ಹಾಕಿ ಮೂಲೆ ಹಿಡಿದು 4 × 3 ಸೆಂ.ಮೀ.ಗೆ ಕುಗ್ಗಿಸಿದರೂ ಒಳಗೆ ಉಳಿಯುವುದು ಮೂಲ ಫೋಟೊವೇ. ಬದಲಾಗುವುದು ತೋರಿಸುವ ಅಳತೆ ಮಾತ್ರ. ಅಷ್ಟು ಚಿಕ್ಕ ಜಾಗಕ್ಕೆ 150 ಪಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ ಎಂಬ ಅಳತೆ) ಲೆಕ್ಕದಲ್ಲಿ ಬೇಕಾಗುವುದು 236 × 177 ಚುಕ್ಕೆ, ಅಂದರೆ ಸುಮಾರು 42 ಸಾವಿರ. ಒಳಗಿರುವುದು 1.2 ಕೋಟಿ, ಹತ್ತಿರ ಹತ್ತಿರ 290 ಪಟ್ಟು. ಕಾಮಗಾರಿ ಸ್ಥಳದ ಹತ್ತು ಫೋಟೊ ಇದ್ದರೆ 40 ಎಂಬಿ ಎಲ್ಲಿಂದ ಬಂತೆಂದು ಬೇರೆ ಹುಡುಕಬೇಕಿಲ್ಲ.

ಕುಗ್ಗಿಸುವ ದಾರಿ ಸುಲಭ. ಯಾವುದಾದರೂ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಪಿಕ್ಚರ್ ಫಾರ್ಮ್ಯಾಟ್ ಟ್ಯಾಬ್ ಬರುತ್ತದೆ, ಅದರಲ್ಲಿ ಕಂಪ್ರೆಸ್ ಪಿಕ್ಚರ್ಸ್ ಇದೆ. 'ಈ ಚಿತ್ರಕ್ಕೆ ಮಾತ್ರ' ಎಂಬ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಉಳಿದ ಒಂಬತ್ತು ಹಾಗೇ ಇರುತ್ತವೆ. 'ಕ್ರಾಪ್ ಮಾಡಿದ ಭಾಗ ಅಳಿಸು' ಎಂಬುದಕ್ಕೆ ಟಿಕ್ ಇರಲಿ. ಕತ್ತರಿಸಿದ ಅಂಚುಗಳೂ ಅಲ್ಲಿಯವರೆಗೆ ಫೈಲಿನಲ್ಲೇ ಇರುತ್ತವೆ. ಪರದೆಯ ಮೇಲೆ ನೋಡಲು 150 ಪಿಪಿಐ ಸಾಕು, ಮುದ್ರಿಸುವುದಿದ್ದರೆ 220. ಸೇವ್ ಮಾಡಿದ ಮೇಲೆ ಹಿಂದಕ್ಕೆ ಹೋಗಲಾಗದು. ಬಿಲ್ಲಿಗೆ ಸಾಕ್ಷಿಯಾಗುವ ಫೋಟೊಗಳಾದರೆ ಮೂಲಗಳನ್ನು ಪ್ರತ್ಯೇಕ ಫೋಲ್ಡರಿನಲ್ಲಿಟ್ಟು ಆಮೇಲೆ ಈ ಕೆಲಸಕ್ಕೆ ಕೈಹಾಕಿ.

ಮೀಡಿಯಾ ಖಾಲಿಯಿದ್ದು ಯಾವುದೋ ಒಂದು ಶೀಟಿನ ಎಕ್ಸ್‌ಎಂಎಲ್ ದೊಡ್ಡದಿದ್ದರೆ ಕತೆ ಬೇರೆ. ಆ ಶೀಟಿನಲ್ಲಿ ಕಂಟ್ರೋಲ್ + ಎಂಡ್ ಒತ್ತಿ. ಕರ್ಸರ್ 500ನೇ ಸಾಲಿಗೆ ಹೋಗಿ ನಿಲ್ಲಬೇಕಾದದ್ದು 10,48,576ನೇ ಸಾಲಿಗೆ ಹಾರಿದರೆ, ಕೆಳಗಿನ ಖಾಲಿ ಸೆಲ್‌ಗಳಿಗೆ ಯಾರೋ ಗೆರೆ, ಬಣ್ಣ ಅಥವಾ ಫಾರ್ಮುಲಾ ಹಾಕಿದ್ದಾರೆ. ಕಾಲಂನ ತಲೆಯ ಅಕ್ಷರ ಒತ್ತಿ ಇಡೀ ಕಾಲಂಗೆ ಬಣ್ಣ ಕೊಟ್ಟರೆ ಎಕ್ಸೆಲ್ ಅದನ್ನು ಒಂದೇ ನಮೂದಿನಲ್ಲಿ ಬರೆದುಕೊಳ್ಳುತ್ತದೆ. ಶೀರ್ಷಿಕೆ ಸಾಲು ಬಿಟ್ಟು ಎರಡನೇ ಸಾಲಿನಿಂದ ಕೊನೆಯವರೆಗೆ ಎಳೆದು ಗೆರೆ ಹಾಕಿದರೆ ಪ್ರತಿ ಸೆಲ್‌ಗೂ ಒಂದೊಂದು ನಮೂದು. ಖಾಲಿ ಸೆಲ್‌ಗಳ ನಮೂದುಗಳು ಒಂದೇ ತೆರನಾಗಿರುವುದರಿಂದ ಜಿಪ್ ಅವನ್ನು ಚೆನ್ನಾಗಿ ಒತ್ತುತ್ತದೆ. ಹಾಗಾಗಿ ಡಿಸ್ಕಿನಲ್ಲಿ ಕೆಲವೇ ಎಂಬಿ ಕಂಡರೂ ಬಿಚ್ಚಿದ ಗಾತ್ರ ನೂರಾರು ಎಂಬಿ ಇರಬಹುದು. ಫೈಲು ತೆರೆಯಲು ನಿಮಿಷಗಟ್ಟಲೆ ಹಿಡಿಯುವುದು ಇದರಿಂದಲೇ. ಎರಡೂ ಗಾತ್ರ ಬರೆದಿಡಿ ಎಂದದ್ದು ಇದಕ್ಕೇ.

ತೆಗೆಯುವುದು ಹೀಗೆ. ನಿಜವಾದ ಕೊನೆಯ ಸಾಲಿನ ಮುಂದಿನ ಸಾಲಿನ ಸಂಖ್ಯೆಯ ಮೇಲೆ ಕ್ಲಿಕ್ ಮಾಡಿ, ಕಂಟ್ರೋಲ್ + ಶಿಫ್ಟ್ + ಕೆಳಬಾಣ ಒತ್ತಿ, ಬಲ ಕ್ಲಿಕ್ ಮಾಡಿ ಡಿಲೀಟ್ ಆರಿಸಿ. ಕೀಬೋರ್ಡಿನ ಡಿಲೀಟ್ ಕೀ ಒತ್ತಿದರೆ ಬರಹ ಮಾತ್ರ ಅಳಿಯುತ್ತದೆ, ಗೆರೆ, ಬಣ್ಣ ಉಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ. ಬಲಗಡೆಯ ಕಾಲಂಗಳಿಗೂ ಇದನ್ನೇ ಮಾಡಿ, ಸೇವ್ ಮಾಡಿ, ಮುಚ್ಚಿ ತೆರೆದು ಮತ್ತೆ ಕಂಟ್ರೋಲ್ + ಎಂಡ್ ನೋಡಿ. ಅದಕ್ಕೂ ಮೊದಲು ಮರೆಮಾಡಿದ ಸಾಲುಗಳಿವೆಯೇ, ಬೇರೆ ಶೀಟಿನ ಫಾರ್ಮುಲಾ ಈ ಸಾಲುಗಳಿಗೆ ಬೆರಳು ತೋರಿಸುತ್ತಿದೆಯೇ ನೋಡಿಕೊಳ್ಳಿ. ಅಂಥ ಫಾರ್ಮುಲಾ ಇದ್ದರೆ ಅಲ್ಲೆಲ್ಲ ರೆಫ್ ಎರರ್ (ಸೂಚಿಸಿದ ಸೆಲ್ ಸಿಗುತ್ತಿಲ್ಲ ಎಂಬ ದೋಷ) ಬರುತ್ತದೆ.

ಪಿವಟ್‌ಕ್ಯಾಶ್ ವಿಷಯದಲ್ಲಿ ಗಾತ್ರಕ್ಕಿಂತ ದೊಡ್ಡ ಅಪಾಯವೊಂದಿದೆ. ಪಿವಟ್ ಟೇಬಲ್ ಮಾಡಿದಾಗ ಎಕ್ಸೆಲ್ ಮೂಲ ಡೇಟಾದ ಇಡೀ ನಕಲನ್ನು ಒಳಗೆ ಇಟ್ಟುಕೊಳ್ಳುತ್ತದೆ. ಸಂಬಳದ ಶೀಟು ಅಳಿಸಿ, ವಿಭಾಗವಾರು ಮೊತ್ತದ ಪಿವಟ್ ಮಾತ್ರ ಮೇಲ್‌ನಲ್ಲಿ ಕಳಿಸಿದಿರಿ ಎನ್ನಿ. ಪಡೆದವರು ಒಟ್ಟು ಮೊತ್ತದ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ಪ್ರತಿಯೊಬ್ಬರ ಸಾಲೂ ಹೊಸ ಶೀಟಿನಲ್ಲಿ ಬಂದು ಕೂರುತ್ತದೆ. ಪಿವಟ್ ಟೇಬಲ್ ಆಪ್ಷನ್ಸ್‌ನ ಡೇಟಾ ಟ್ಯಾಬಿನಲ್ಲಿ 'ಮೂಲ ಡೇಟಾ ಫೈಲಿನೊಂದಿಗೆ ಉಳಿಸು' ಎಂಬ ಟಿಕ್ ತೆಗೆದು, 'ತೆರೆದಾಗ ರಿಫ್ರೆಶ್ ಮಾಡು' ಎಂಬುದಕ್ಕೆ ಟಿಕ್ ಹಾಕಿದರೆ ಆ ನಕಲು ಉಳಿಯುವುದಿಲ್ಲ. ಇದು ಮೂಲ ಡೇಟಾ ಕೈಗೆ ಸಿಗುವಂತಿದ್ದರೆ ಮಾತ್ರ ಸರಿ. ಹೊರಗಿನವರಿಗಾದರೆ ಪಿವಟ್ ಕಾಪಿ ಮಾಡಿ ಹೊಸ ಫೈಲಿನಲ್ಲಿ ಬರೀ ವ್ಯಾಲ್ಯೂ ಪೇಸ್ಟ್ ಮಾಡಿ ಕಳಿಸುವುದೇ ಕ್ಷೇಮ.

ಡ್ರಾಯಿಂಗ್ಸ್ ಉಬ್ಬಿದ್ದರೆ ವೆಬ್ ಪುಟದಿಂದ ಕಾಪಿ ಮಾಡಿದಾಗ ಜೊತೆಗೆ ಬಂದ ಕಣ್ಣಿಗೆ ಕಾಣದ ಆಕೃತಿಗಳು ಕಾರಣ. ಆ ಸಾಲುಗಳನ್ನು ಕಾಪಿ ಮಾಡಿದಾಗಲೆಲ್ಲ ಅವೂ ಹೆಚ್ಚುತ್ತವೆ. ಆಲ್ಟ್ + ಎಫ್10 ಒತ್ತಿದರೆ ಎಲ್ಲದರ ಪಟ್ಟಿ ಬರುತ್ತದೆ. ನಿಮ್ಮ ಚಾರ್ಟು, ಬಟನ್ನುಗಳನ್ನು ಬಿಟ್ಟು ಉಳಿದವನ್ನು ಅಳಿಸಿ.

ಕನ್ನಡದಲ್ಲಿ ಬರೆದರೆ ಫೈಲು ದೊಡ್ಡದಾಗುತ್ತದೆ ಎಂಬ ಮಾತು ಕಚೇರಿಗಳಲ್ಲಿ ಕೇಳಿಬರುತ್ತದೆ. 'ಬೆಂಗಳೂರು' ಎಂಬ ಪದ ಯುನಿಕೋಡ್‌ನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆ) 8 ಸಂಕೇತ, ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆಯುವ ಕ್ರಮವಾದ ಯುಟಿಎಫ್-8ರಲ್ಲಿ ಒಂದಕ್ಕೆ 3 ಬೈಟ್‌ನಂತೆ 24 ಬೈಟ್, ನಿಜ. ಆದರೆ ಎಕ್ಸೆಲ್ ಒಂದು ಪದವನ್ನು ಶೇರ್ಡ್ ಸ್ಟ್ರಿಂಗ್ಸ್ ಎಂಬ ಪಟ್ಟಿಯಲ್ಲಿ ಒಂದೇ ಸಲ ಬರೆದು, ಸೆಲ್‌ಗಳಲ್ಲಿ ಅದರ ಕ್ರಮಸಂಖ್ಯೆಯನ್ನಷ್ಟೇ ಇಡುತ್ತದೆ. ಹತ್ತು ಸಾವಿರ ಸಾಲಿನಲ್ಲಿ ಬೆಂಗಳೂರು ಬಂದರೂ ಪದ ಇರುವುದು ಒಂದೇ ಕಡೆ. ಕೊನೆಯಲ್ಲೊಂದು ಸ್ಪೇಸ್ ಬಿದ್ದರೆ ಅದು ಬೇರೆ ಪದವಾಗುತ್ತದೆ, ಎಣಿಕೆಯೂ ತಪ್ಪುತ್ತದೆ. ಒಂದೇ ಸೆಲ್‌ನಲ್ಲಿ ಅರ್ಧ ಯುನಿಕೋಡ್ ಅಲ್ಲದ ಹಳೆಯ ನುಡಿ ಫಾಂಟು, ಅರ್ಧ ಇಂಗ್ಲಿಷ್ ಫಾಂಟು ಇದ್ದರೆ ಪ್ರತಿ ತುಣುಕಿಗೂ ಫಾಂಟಿನ ವಿವರ ಬರೆಯಬೇಕಾಗುತ್ತದೆ. ತೂಕ ಹೆಚ್ಚಿಸುವುದು ಈ ಬೆರಕೆ. ಯುನಿಕೋಡ್‌ಗೆ ಬದಲಿಸಿದರೆ ಪಟ್ಟಿ ಹಗುರಾಗುತ್ತದೆ, ಹುಡುಕಾಟವೂ ಸರಿಯಾಗಿ ಆಗುತ್ತದೆ.

ಹಳೆಯ ಎಕ್ಸ್‌ಎಲ್‌ಎಸ್ ಫೈಲುಗಳು ಒತ್ತದೆ ಉಳಿದವು, ಹೊಸ ಮಾದರಿಗೆ ಸೇವ್ ಮಾಡಿದರೆ ಬಹುಪಾಲು ಚಿಕ್ಕದಾಗುತ್ತವೆ. ಪೋರ್ಟಲ್‌ಗಳಿಂದ ಇಳಿಸಿಕೊಂಡ 'ಎಕ್ಸ್‌ಎಲ್‌ಎಸ್' ಎಷ್ಟೋ ಸಲ ಬರೀ ಎಚ್‌ಟಿಎಂಎಲ್, ಅಂದರೆ ವೆಬ್ ಪುಟ. ತೆರೆಯುವಾಗ ಎಕ್ಸೆಲ್ ಎಚ್ಚರಿಕೆ ಕೊಡುವುದು ಅದಕ್ಕೇ. ಹಳೆಯ ಮಾದರಿಯಲ್ಲಿ ಸಾಲುಗಳ ಮಿತಿ 65,536. 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದೈನಂದಿನ ಲೆಕ್ಕದಿಂದ ಬಿಟ್ಟುಹೋದದ್ದಕ್ಕೆ ಈ ಮಿತಿಯೇ ಕಾರಣವಾಗಿತ್ತು. ಲಕ್ಷಾಂತರ ಸಾಲಿನ ನಿಜವಾದ ಡೇಟಾ ಇದ್ದರೆ ಎಕ್ಸ್‌ಎಲ್‌ಎಸ್‌ಬಿ ಎಂಬ ಬೈನರಿ ಮಾದರಿ ಚಿಕ್ಕದಾಗಿಯೂ ಬೇಗ ತೆರೆಯುವಂತೆಯೂ ಉಳಿಯುತ್ತದೆ. ಆದರೆ ಅದರಲ್ಲಿ ಮ್ಯಾಕ್ರೊ (ಎಕ್ಸೆಲ್ ಒಳಗೆ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಅಡಗಿರಬಹುದು, ಹೊರಗಿನಿಂದ ಗುರುತು ಸಿಗದು. ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆಆಫೀಸ್ ಅದನ್ನು ಓದುತ್ತದೆ, ಆ ಮಾದರಿಯಲ್ಲಿ ಬರೆಯುವುದಿಲ್ಲ. ವರ್ಷಗಟ್ಟಲೆ ಇಡುವ ದಾಖಲೆಗೆ ಅದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಇಷ್ಟೆಲ್ಲ ಬಿಟ್ಟು ಸರ್ವರ್ ಫೋಲ್ಡರಿಗೇ ವಿಂಡೋಸ್ ಕಂಪ್ರೆಷನ್ ಹಾಕಿದರೆ ಆಗದೇ ಎಂದರೆ, ಆಗದು. ಒಮ್ಮೆ ಒತ್ತಿದ್ದನ್ನು ಮತ್ತೆ ಒತ್ತಿದರೆ ಉಳಿತಾಯ ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ತೊಂದರೆ ಎಕ್ಸೆಲ್ ಸೇವ್ ಮಾಡುವ ರೀತಿಯದು. ಒಂದು ಸೆಲ್ ತಿದ್ದಿದರೂ ಅದು ಇಡೀ ಫೈಲನ್ನು ತಾತ್ಕಾಲಿಕ ಹೆಸರಿನಲ್ಲಿ ಹೊಸದಾಗಿ ಬರೆದು, ಆಮೇಲೆ ಹಳೆಯ ಹೆಸರು ಕೊಡುತ್ತದೆ. ವಿಂಡೋಸ್ ಸರ್ವರ್‌ನ ಶ್ಯಾಡೋ ಕಾಪಿ (ಫೈಲುಗಳ ಹಿಂದಿನ ಸ್ಥಿತಿಯನ್ನು ಆಗಾಗ ಉಳಿಸಿಡುವ ಸೌಲಭ್ಯ) ಪೂರ್ವನಿಗದಿಯಂತೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 7ಕ್ಕೆ ಮತ್ತು ಮಧ್ಯಾಹ್ನ 12ಕ್ಕೆ ನಡೆಯುತ್ತದೆ. 40 ಎಂಬಿ ಫೈಲನ್ನು ದಿನಕ್ಕೊಮ್ಮೆ ತಿದ್ದಿದರೂ ವಾರಕ್ಕೆ 200 ಎಂಬಿಯಷ್ಟು ಹಳೆಯ ಪ್ರತಿ ಹಿಂದೆ ಉಳಿಯಬಹುದು. ಬ್ಯಾಕಪ್ ಫೈಲು ಮಟ್ಟದಲ್ಲಿ ನಡೆಯುತ್ತಿದ್ದರೆ ಅಲ್ಲೂ ಪ್ರತಿದಿನ ಇಡೀ 40 ಎಂಬಿ ಹೋಗುತ್ತದೆ. ಆದ್ದರಿಂದ ದಿನಾ ತಿದ್ದುವ 40 ಎಂಬಿ ಫೈಲನ್ನು ಕುಗ್ಗಿಸುವುದು, ವರ್ಷದಿಂದ ಯಾರೂ ಮುಟ್ಟದ 200 ಎಂಬಿ ಫೈಲಿಗಿಂತ ಮೊದಲು ಆಗಬೇಕಾದ ಕೆಲಸ. ಜಾಗ ತಿನ್ನುವ ಫೈಲುಗಳನ್ನು ಹುಡುಕಲು ಸರ್ವರ್‌ನ ಫೈಲ್ ಸರ್ವರ್ ರಿಸೋರ್ಸ್ ಮ್ಯಾನೇಜರಿನಲ್ಲಿ ದೊಡ್ಡ ಫೈಲುಗಳ ವರದಿ, ನಕಲಿ ಫೈಲುಗಳ ವರದಿ ಎರಡೂ ಸಿಗುತ್ತವೆ.

ಕುಗ್ಗಿಸಿದ ಫೈಲನ್ನು ಬಳಕೆಗೆ ಬಿಡುವ ಮುನ್ನ ಹಳೆಯದರ ಪಕ್ಕದಲ್ಲಿ ತೆರೆದು ಪ್ರತಿ ಶೀಟಿನ ಮೊತ್ತ, ಸಾಲುಗಳ ಎಣಿಕೆ ತಾಳೆ ಮಾಡಿ. ತಾಳೆಯಾದ ಮೇಲೆ ಹಳೆಯದನ್ನು ಸರ್ವರ್‌ನಿಂದ ಅಳಿಸಿ. ಜಾಗ ಅದೇ ದಿನ ಪೂರ್ತಿ ಖಾಲಿಯಾಗಿ ಕಾಣದಿದ್ದರೆ ಗಾಬರಿ ಬೇಡ. ಹಳೆಯ ಪ್ರತಿಯನ್ನು ಶ್ಯಾಡೋ ಕಾಪಿಗಳು ಇನ್ನೂ ಹಿಡಿದುಕೊಂಡಿರುತ್ತವೆ. ಒಂದು ಡ್ರೈವಿಗೆ ಅವುಗಳ ಗರಿಷ್ಠ ಸಂಖ್ಯೆ 64. ದಿನಕ್ಕೆರಡರಂತೆ 32 ಕೆಲಸದ ದಿನ ಕಳೆಯುವಷ್ಟರಲ್ಲಿ ಹಳೆಯವು ಒಂದೊಂದಾಗಿ ಹೊರಬಿದ್ದು ಆ ಜಾಗವೂ ತೆರವಾಗುತ್ತದೆ.