ಮಳೆಯೂರಿನ ರೋಡ್ ಸೈಕಲಿಗೆ ಎರಡು ಬೋಲ್ಟಿನ ಕ್ಲೀಟ್ ಸಾಕು

ಶೂವಿನ ತಳಕ್ಕೆ ಬೋಲ್ಟ್ ಹಾಕಿ ಕೂರಿಸುವ ತುಂಡಿಗೆ ಕ್ಲೀಟ್ ಎನ್ನುತ್ತಾರೆ. ಅದನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಪೆಡಲನ್ನು ರೋಡ್ ರೇಸಿಗೆ ಒಗ್ಗಿಸಿದ್ದು ಲುಕ್ ಕಂಪನಿ, 1984ರಲ್ಲಿ. ಮರುವರ್ಷ ಫ್ರಾನ್ಸಿನ ರೇಸರ್ ಬರ್ನಾರ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ರೋಡ್ ಸೈಕಲ್ ಅಂದರೆ ಮೂರು ಬೋಲ್ಟಿನ ಕ್ಲೀಟ್ ಎಂಬುದು ಈಗ ಅಂಗಡಿಯವರ ಬಾಯಿಪಾಠ. ಕಾಸರಗೋಡಿನಲ್ಲಿ ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಎರಡು ಬೋಲ್ಟಿನದನ್ನೇ.

ತಲಪಾಡಿಯಿಂದ ಕುಂಬಳೆಗೆ ಸರ್ವಿಸ್ ರಸ್ತೆಯಲ್ಲಿ ಹೋದರೆ ಬಸ್ಸು, ಆಟೋಗಳ ನಡುವೆ ಮತ್ತೆ ಮತ್ತೆ ಕಾಲೂರಬೇಕು. ಬದಿಯಡ್ಕ, ಮುಳ್ಳೇರಿಯ ಕಡೆ ತಿರುಗಿದರೆ ಚಡಾವು, ಇಳಿಜಾರು. ಮಳೆಗಾಲದಲ್ಲಿ ರಸ್ತೆಯಂಚಿಗೆಲ್ಲ ಮುರಮಣ್ಣಿನ ಕೆಂಪು ರಾಡಿ. ಮೂರು ಬೋಲ್ಟಿನ ಪ್ಲಾಸ್ಟಿಕ್ ಕ್ಲೀಟ್ ಶೂವಿನ ಸೋಲಿನಿಂದ ಹೊರಗೆ ಚಾಚಿಕೊಂಡಿರುತ್ತದೆ. ಪಾಚಿ ಕಟ್ಟಿದ ಹೋಟೆಲ್ ಮೆಟ್ಟಿಲ ಮೇಲೆ ಜಾರುತ್ತದೆ, ನಡೆದಷ್ಟೂ ಸವೆಯುತ್ತದೆ. ಶಿಮಾನೋ ಕಂಪನಿಯ ಎಸ್‌ಪಿಡಿ ಎಂಬ ಎರಡು ಬೋಲ್ಟಿನ ಜೋಡಣೆಯಲ್ಲಿ ಪುಟ್ಟ ಲೋಹದ ಕ್ಲೀಟ್ ರಬ್ಬರ್ ಸೋಲಿನೊಳಗೆ ಹುದುಗಿರುತ್ತದೆ, ಪೆಡಲ್‌ಗಳಲ್ಲಿ ಹೆಚ್ಚಿನವಕ್ಕೆ ಎರಡೂ ಮಗ್ಗುಲಲ್ಲಿ ಕ್ಲಿಪ್ ಇರುತ್ತದೆ. ಚಡಾವಿನಲ್ಲಿ ನಿಂತು ಮತ್ತೆ ಹೊರಡುವಾಗ ಪೆಡಲಿನ ಯಾವ ಮುಖ ಮೇಲಿದೆ ಎಂದು ಬಗ್ಗಿ ನೋಡುವ ಕೆಲಸವಿಲ್ಲ.

ಮೂರು ಬೋಲ್ಟಿನದಕ್ಕೂ ಅದರದೇ ಗುಣವಿದೆ: ಅಗಲ ಆಸರೆ. ನಿಲ್ಲದೆ ಗಂಟೆಗಟ್ಟಲೆ ತುಳಿಯುವವರು ಅದನ್ನೇ ತಗೊಳ್ಳಲಿ. ಆದರೆ ಬಣ್ಣ ನೋಡಿ ಕೊಳ್ಳಬೇಕು, ಪೆಡಲಿಗೆ ಕಚ್ಚಿಕೊಂಡಿದ್ದಾಗಲೂ ಪಾದ ಅತ್ತಿತ್ತ ಹೊರಳುವ ‘ಆಟ’ ಎಷ್ಟೆಂದು ಹೇಳುವುದು ಅದೇ. ಶಿಮಾನೋದಲ್ಲಿ ಹಳದಿ ಕ್ಲೀಟಿಗೆ 6 ಡಿಗ್ರಿ ಆಟ, ನೀಲಿಗೆ 2, ಕೆಂಪಿಗೆ ಸೊನ್ನೆ. ಲುಕ್ ಕಂಪನಿಯ ಕಿಯೋ ಕ್ಲೀಟಿನಲ್ಲಿ ಕೆಂಪಿಗೇ 9 ಡಿಗ್ರಿ, ಬೂದುಬಣ್ಣಕ್ಕೆ 4.5, ಕಪ್ಪಿಗೆ ಸೊನ್ನೆ. ಒಂದರ ಕ್ಲೀಟ್ ಇನ್ನೊಂದರ ಪೆಡಲಿಗೆ ಕೂರುವುದೂ ಇಲ್ಲ. ಆಟವೇ ಇಲ್ಲದ ಕ್ಲೀಟ್ ಒಂದಿಷ್ಟು ವಾರೆ ಕೂತರೂ ಅದರ ಪೆಟ್ಟು ಮೊಣಕಾಲಿಗೇ.

ಶೂ ಸಂಜೆ ಹೊತ್ತು ನೋಡಿ, ಪಾದ ಆಗ ತುಸು ಊದಿರುತ್ತದೆ. ಬೆರಳು ಆಡಿಸಲು ಜಾಗ ಬೇಕು, ಹಿಮ್ಮಡಿ ಮಾತ್ರ ಏಳಬಾರದು. ಪಾದ ಅಗಲವಿದ್ದವರು ಒಂದು ನಂಬರ್ ದೊಡ್ಡದು ಕೊಂಡು ಕೆಡುತ್ತಾರೆ. ಉದ್ದ ಹೆಚ್ಚಿದರೆ ಹಿಮ್ಮಡಿ ಸಡಿಲ. ವೈಡ್ ಎಂದೇ ಬರುವ ಮಾಡೆಲ್ ಕೇಳಿ. ಕಾರ್ಬನ್ ಸೋಲಿನ ದುಡ್ಡು ಸದ್ಯ ಉಳಿಸಿ, ನೈಲಾನ್ ಸಾಕು.

ಹೆಚ್ಚಿನ ನೋವೆಲ್ಲ ಶುರುವಾಗುವುದು ಕ್ಲೀಟ್ ಕೂರಿಸುವಲ್ಲಿ. ಶೂ ಹಾಕಿಕೊಂಡು ಹೆಬ್ಬೆರಳಿನ ಬುಡದ ಉಬ್ಬುಮೂಳೆಯನ್ನು ಹೊರಗಿನಿಂದಲೇ ಒತ್ತಿ ಹುಡುಕಿ, ಪೆನ್ನಿನಲ್ಲಿ ಗುರುತು ಹಾಕಿ. ಕಿರುಬೆರಳಿನ ಕಡೆಯೂ ಹಾಗೆಯೇ. ಪೆಡಲಿನ ಅಚ್ಚು (ಆಕ್ಸಲ್) ಈ ಎರಡು ಗುರುತುಗಳ ನಡುವೆ ಬರಬೇಕು. ಕ್ಲೀಟ್ ತೀರಾ ಮುಂದೆ ಹೋದರೆ ಮೀನಖಂಡ ಬಿಗಿಯುತ್ತದೆ, ಬೆರಳಿನ ಬುಡ ಉರಿದು ಜೋಮು ಹಿಡಿಯುತ್ತದೆ. ಸಂಶಯವಿದ್ದರೆ ಹಿಂದಕ್ಕೇ ಸರಿಸಿ. ಕೋನಕ್ಕೆ, ಎತ್ತರದ ಮೇಜಿನ ಮೇಲೆ ಕೂತು ಕಾಲು ಇಳಿಬಿಡಿ. ಪಾದ ತಾನಾಗಿ ಯಾವ ಕಡೆ ತಿರುಗಿ ನಿಲ್ಲುತ್ತದೋ ಕ್ಲೀಟೂ ಅದಕ್ಕೆ ಹೊಂದಲಿ. ಎಡ, ಬಲ ಒಂದೇ ಥರ ಇರಬೇಕೆಂದಿಲ್ಲ.

ಬೋಲ್ಟಿನ ಮರೆಗೆ (ತಿರುಪಿನ ಗೆರೆಗಳಿಗೆ) ಗ್ರೀಸ್ ಹಚ್ಚಿ 5ರಿಂದ 6 ನ್ಯೂಟನ್ ಮೀಟರ್ ಬಿಗಿತಕ್ಕೆ ಬಿಗಿಯಿರಿ, ಮೊದಲ ಸವಾರಿಯಾದ ಮೇಲೆ ಇನ್ನೊಮ್ಮೆ ನೋಡಿ. ಒಂದು ಬೋಲ್ಟ್ ಸಡಿಲವಾದರೂ ನೀವು ಕಾಲು ಬಿಡಿಸಿಕೊಳ್ಳಲು ಹಿಮ್ಮಡಿ ತಿರುಗಿಸಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲಿನಲ್ಲೇ ಕಚ್ಚಿಕೊಂಡಿರುತ್ತದೆ, ಬೀಳುವುದು ಖಂಡಿತ. ಪೆಡಲ್ ಜೋಡಿಸುವಾಗ ಎಡಗಡೆಯದಕ್ಕೆ ಉಲ್ಟಾ ಮರೆ ಎಂಬುದು ನೆನಪಿರಲಿ. ಬಲವಂತ ಮಾಡಿದರೆ ಪೆಡಲ್ ಕೂರುವ ಅಲ್ಯೂಮಿನಿಯಂ ತೋಳಿನ, ಅಂದರೆ ಕ್ರ್ಯಾಂಕಿನ, ಮರೆಯೇ ಹೋದೀತು. ಕ್ಲಿಪ್ಪಿನ ಸ್ಪ್ರಿಂಗನ್ನು ಪೂರ್ತಿ ಸಡಿಲ ಇಟ್ಟು ಶುರು ಮಾಡಿ. ಎಸ್‌ಪಿಡಿಯ ಎಸ್‌ಎಚ್51 ಕ್ಲೀಟ್ ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. ಎಸ್‌ಎಚ್56 ಬೇರೆ ದಿಕ್ಕಿಗೂ ಬಿಡುತ್ತದೆ, ಅದು ಹೊಸಬರಿಗೆ ಧೈರ್ಯ. ಎದ್ದು ನಿಂತು ಜೋರಾಗಿ ತುಳಿಯುವವರಿಗೆ ಮಾತ್ರ ಅದು ನಡುವೆ ಕಳಚೀತು.

ಮಳೆಯಲ್ಲಿ ಹೋಗಿಬಂದ ದಿನ ಶೂ ಒಳಗೆ ಪೇಪರ್ ತುರುಕಿ ನೆರಳಲ್ಲಿ ಇಡಿ, ಒಲೆ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ. ಬೋಲ್ಟಿನ ತಲೆಯ ಗುಳಿಯಲ್ಲಿ ಕೂತ ಮುರಮಣ್ಣನ್ನು ಸೂಜಿಯಿಂದ ಕೆದಕಿ ತೆಗೆದೇ ಅಲೆನ್ ಕೀ ಹಾಕಿ. ಕೀ ಅರ್ಧಕ್ಕೆ ಇಳಿದರೆ ಗುಳಿಯ ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಡ್ರಿಲ್ ಮಾಡಿಯೇ ತೆಗೆಯಬೇಕು. ಹಳೆ ಕ್ಲೀಟ್ ಬಿಚ್ಚುವ ಮೊದಲು ಅದರ ಸುತ್ತ ಮಾರ್ಕರಿನಿಂದ ಗೆರೆ ಎಳೆದುಕೊಂಡರೆ ಹೊಸದನ್ನು ಅದೇ ಜಾಗಕ್ಕೆ ಕೂರಿಸಬಹುದು.